ಮರಳಿನ ಮೇಲೆ ಗುಡಾರ ಬಿಗಿಯುವುದು

ಮರಳಿನ ಮೇಲೆ ಗುಡಾರ ಬಿಗಿಯುವುದು: ಕಡಲತೀರ, ಮರುಭೂಮಿ, ನದಿದಂಡೆಗಳ ಸಡಿಲ ಮರಳಿನಲ್ಲಿ ಬಟ್ಟೆಯ ಗುಡಾರವನ್ನು ಗಾಳಿಗೆ ಹಾರದಂತೆ, ಮಗುಚದಂತೆ ನೆಲಕ್ಕೆ ಕಟ್ಟಿ ನಿಲ್ಲಿಸುವ ವಿಧಾನ. ಒಬ್ಬಿಬ್ಬರು ಮಲಗುವ ತಗ್ಗು ಗುಡಾರಕ್ಕೆ ಇದು ಅಷ್ಟೇನೂ ಕಷ್ಟದ ಕೆಲಸವಲ್ಲ. ನಾಲ್ಕರಿಂದ ಆರು ಮಂದಿ ಮಲಗುವ, ದೊಡ್ಡವರು ನೆಟ್ಟಗೆ ನಿಲ್ಲಬಹುದಾದಷ್ಟು ಎತ್ತರದ ಕುಟುಂಬ ಗುಡಾರಕ್ಕೆ ಬಂದಾಗ ಲೆಕ್ಕವೇ ಬದಲಾಗುತ್ತದೆ. ಗುಡಾರದ ಜೊತೆ ಕೊಡುವ ಗೇಣುದ್ದದ ತೆಳು ಕಂಬಿಯ ಗೂಟಗಳು ಗಟ್ಟಿ ನೆಲಕ್ಕೆಂದು ಮಾಡಿದಂಥವು. ಒಣಮರಳಿನಲ್ಲಿ ಎರಡೇ ಬೆರಳಲ್ಲಿ ಎಳೆದರೂ ಎದ್ದುಬರುತ್ತವೆ.

ಜೇಡಿಮಣ್ಣಿನ ಕಣಗಳು ಬಹಳ ಸಣ್ಣವು, ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಗೂಟ ಹೊಡೆದರೆ ಸುತ್ತಲಿನ ಮಣ್ಣು ಅದನ್ನು ಕಚ್ಚಿ ಹಿಡಿಯುತ್ತದೆ. ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನದ ಡೇರೆ ಮೇಳದವರು ಬಡಿದ ಗೂಟ ಬೆಳಗಿನ ಮಂಗಳದವರೆಗೂ ಅಲುಗದೆ ನಿಲ್ಲುವುದು ಈ ಗುಣದಿಂದ. ಮರಳಿಗೆ ಅದಿಲ್ಲ. ಭೂವಿಜ್ಞಾನದಲ್ಲಿ ರೂಢಿಯಲ್ಲಿರುವ ವಿಂಗಡಣೆಯಂತೆ 0.0625 ಮಿ.ಮೀ.ನಿಂದ 2 ಮಿ.ಮೀ. ಗಾತ್ರದ ಕಣಗಳನ್ನು ಮರಳು ಎನ್ನುತ್ತಾರೆ. ಒಣಗಿದಾಗ ಈ ಕಣಗಳ ನಡುವೆ ತಿಕ್ಕಾಟ ಬಿಟ್ಟರೆ ಬೇರೆ ನಂಟಿಲ್ಲ. ಒಣಮರಳಿನ ರಾಶಿ ಸುಮಾರು 30ರಿಂದ 35 ಡಿಗ್ರಿಗಿಂತ ಕಡಿದಾಗಿ ನಿಲ್ಲದೆ ಜಾರಿಬಿಡುವುದು ಇದಕ್ಕೇ. ಆದರೆ ಮರಳಿಗೆ ತೂಕವಿದೆ. ಒಂದು ಲೀಟರ್ ಒಣಮರಳು ಹೆಚ್ಚುಕಡಿಮೆ ಒಂದೂವರೆ ಕೆ.ಜಿ. ತೂಗುತ್ತದೆ. ಮರಳಿನಲ್ಲಿ ಗುಡಾರ ಬಿಗಿಯಲು ಬಳಕೆಯಲ್ಲಿರುವ ಉಪಾಯಗಳು ಹಲವಾದರೂ ಅವುಗಳಲ್ಲಿ ಒಳ್ಳೆಯವೆಲ್ಲ ಗೂಟದ ಹಿಡಿತವನ್ನು ನಂಬದೆ ಈ ತೂಕವನ್ನೇ ಹಗ್ಗದ ತುದಿಗೆ ಕಟ್ಟುವಂಥವು.

ತುಸು ತೇವವಿರುವ ಮರಳಿನ ಸ್ವಭಾವ ಬೇರೆ. ಕಣಗಳ ಸಂದಿಯಲ್ಲಿ ನಿಂತ ನೀರಿನ ತೆಳು ಪೊರೆ ಅವನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಮಕ್ಕಳು ಕಟ್ಟುವ ಮರಳಿನ ಗುಡಿ ಬೀಳದೆ ನಿಲ್ಲುವುದೂ ಹೀಗೆಯೇ. ನೀರು ಸಂದುಸಂದೆಲ್ಲ ತುಂಬಿದರೆ ಮಾತ್ರ ಈ ಹಿಡಿತ ಹೋಗಿ ಮರಳು ಕೆಸರಿನಂತೆ ಸಡಿಲವಾಗುತ್ತದೆ. ಗೂಟದ ಸುತ್ತ ಒಂದೆರಡು ಕೊಡ ನೀರು ಸುರಿದು ತುಳಿಯುವ ರೂಢಿ ಹಲವೆಡೆ ಇದೆ. ಅದು ಸುಳ್ಳಲ್ಲ, ಆದರೆ ಬಿಸಿಲೇರಿ ಮರಳು ಒಣಗುವ ತನಕದ ಮಾತು. ರಾತ್ರಿ ಗಟ್ಟಿಯಾಗಿದ್ದ ಗೂಟ ಮರುದಿನ ಮಧ್ಯಾಹ್ನ ಎದ್ದು ಬಂದರೆ ಆಶ್ಚರ್ಯಪಡಬೇಕಿಲ್ಲ.

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಕಟ್ಟಡಗಳಿಗೆ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗ ಬಳಸುವ ಸೂತ್ರ ಸರಳ: ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಪ್ರತಿ ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಎಂಬುದು ಸಿಗುತ್ತದೆ. ನಾಲ್ಕು ಮೀಟರ್ ಉದ್ದ, ಎರಡು ಮೀಟರ್ ಎತ್ತರದ ಗುಡಾರದ ಪಕ್ಕಕ್ಕೆ ಗಂಟೆಗೆ 36 ಕಿ.ಮೀ. ಗಾಳಿ ನೇರ ಬಡಿದರೆ ಸುಮಾರು 50 ಕೆ.ಜಿ. ತೂಕದಷ್ಟು ದೂಡುತ್ತದೆ. 54 ಕಿ.ಮೀ. ಆದಾಗ ಅದು 110 ಕೆ.ಜಿ.; 72 ಕಿ.ಮೀ.ಗೆ ಇನ್ನೂರರ ಹತ್ತಿರ. ಗುಡಾರದ ಆಕಾರ ನೋಡಿ ಈ ಅಂಕಿ ಸ್ವಲ್ಪ ಹೆಚ್ಚುಕಡಿಮೆ ಆದೀತು. ಜೊತೆಗೆ ಛಾವಣಿಯ ಮೇಲೆ ಹಾಯುವ ಗಾಳಿ ಬಟ್ಟೆಯನ್ನು ಮೇಲಕ್ಕೂ ಎಳೆಯುತ್ತದೆ. ಹತ್ತು ಹದಿನೈದು ಕೆ.ಜಿ. ತೂಕದ ಗುಡಾರ ತನ್ನ ಭಾರದಿಂದಲೇ ನಿಂತೀತು ಎಂದು ನಂಬುವುದಕ್ಕೆ ಇಲ್ಲಿ ಜಾಗವಿಲ್ಲ. ಒಳಗಿನ ಮೂಲೆಗಳಲ್ಲಿ ಬ್ಯಾಗು, ನೀರಿನ ಕ್ಯಾನು ಇಟ್ಟರೆ ನೆಲಹಾಸು ಹಾರದು, ಅಷ್ಟೆ. ಮೇಲಿನ ಹೊದಿಕೆಗೂ ಕೋಲುಗಳಿಗೂ ಅದರಿಂದ ಪ್ರಯೋಜನವಿಲ್ಲ.

ಅಮೆರಿಕದಲ್ಲಿ ಗಾಳಿಗೆ ಕಿತ್ತುಬಂದ ಬೀಚ್ ಕೊಡೆಗಳು ಚುಚ್ಚಿ ಜನ ಗಾಯಗೊಂಡ, ಸತ್ತ ಪ್ರಕರಣಗಳು ಮರುಕಳಿಸಿದ ಮೇಲೆ ಎಎಸ್‌ಟಿಎಂ ಸಂಸ್ಥೆ 2024ರಲ್ಲಿ ಕೊಡೆಗಳಿಗೆ ಒಂದು ಮಾನದಂಡ ತಂದಿತು. ಗಂಟೆಗೆ 30 ಮೈಲಿ, ಅಂದರೆ 48 ಕಿ.ಮೀ.ವರೆಗಿನ ಗಾಳಿಯಲ್ಲೂ ಕೊಡೆ ಏಳಬಾರದು. ಅದಕ್ಕಾಗಿ 75 ಪೌಂಡು, ಸುಮಾರು 34 ಕೆ.ಜಿ.ಯಷ್ಟಾದರೂ ಹಿಡಿತ ಇರಬೇಕು ಎಂಬುದು ಅದರ ತಿರುಳು. ಒಂದು ಕೊಡೆಗೇ ಇಷ್ಟು ಬೇಕಾದರೆ ಆಳೆತ್ತರದ ಗುಡಾರಕ್ಕೆ ಎಷ್ಟು ಬೇಕು ಎಂಬುದನ್ನು ಓದುಗರೇ ಊಹಿಸಬಹುದು.

ಗಾಳಿಯ ಈ ದೂಡಾಟವನ್ನು ನೆಲಕ್ಕೆ ಮುಟ್ಟಿಸುವುದು ಹಗ್ಗ. ಹಗ್ಗ ನೆಲದೊಂದಿಗೆ ಮಾಡುವ ಕೋನಕ್ಕೆ ಬಹಳ ಜನ ಗಮನ ಕೊಡುವುದಿಲ್ಲ. ಮರಳಿನಲ್ಲಿ ಅತಿ ದುರ್ಬಲ ದಿಕ್ಕು ಮೇಲಕ್ಕೆ. ಪಕ್ಕಕ್ಕೆ ಎಳೆದರೆ ಮುಂದಿನ ಮರಳೆಲ್ಲ ಅಡ್ಡ ಬರುತ್ತದೆ, ಮೇಲಕ್ಕೆ ಎಳೆದರೆ ಮೇಲಿರುವುದಷ್ಟೇ ತಡೆಯುತ್ತದೆ. ಹಗ್ಗ 60 ಡಿಗ್ರಿ ಕಡಿದಾಗಿದ್ದರೆ ಗಾಳಿಯ ಅಡ್ಡ ತಳ್ಳಿಕೆಯ ಒಂದೂಮುಕ್ಕಾಲು ಪಟ್ಟು ಬಲ ಗೂಟವನ್ನು ಮೇಲಕ್ಕೆ ಎಳೆಯುತ್ತದೆ. 45 ಡಿಗ್ರಿಯಲ್ಲಿ ಅದು ಸಮಸಮ. 30 ಡಿಗ್ರಿಗೆ ಇಳಿಸಿದರೆ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಗುಡಾರಕ್ಕೆ ಒಂದೂವರೆ ಮೀಟರ್ ಎತ್ತರದಲ್ಲಿ ಹಗ್ಗ ಕಟ್ಟಿದ್ದರೆ 45 ಡಿಗ್ರಿಗೆ ಗೂಟ ಒಂದೂವರೆ ಮೀಟರ್ ದೂರವಿರಬೇಕು, 30 ಡಿಗ್ರಿಗೆ ಎರಡೂವರೆ ಮೀಟರಿಗೂ ಆಚೆ. ಗುಡಾರದೊಂದಿಗೆ ಬರುವ ಹಗ್ಗ ಇಷ್ಟು ಉದ್ದ ಇರುವುದು ಅಪರೂಪ. ಹೀಗಾಗಿ ಮರಳಿಗೆ ಹೊರಟವರು ಗೂಟಕ್ಕಿಂತ ಮೊದಲು ಕೊಳ್ಳಬೇಕಾದದ್ದು ಹೆಚ್ಚುವರಿ ಹಗ್ಗ. ಆ ಹಗ್ಗ ಪಾಲಿಯೆಸ್ಟರಿನದಾದರೆ ಲೇಸು. ನೈಲಾನ್ ಇಬ್ಬನಿ ಹೀರಿ ಉದ್ದವಾಗುತ್ತದೆ. ಸಂಜೆ ತಂತಿಯಂತೆ ಬಿಗಿದದ್ದು ನಡುರಾತ್ರಿ ಜೋತುಬಿದ್ದಿರುತ್ತದೆ. ಹತ್ತಿಯ ಹಗ್ಗ ಇದಕ್ಕೆ ತದ್ವಿರುದ್ಧ, ನೆನೆದರೆ ಕುಗ್ಗಿ ಬಿಗಿಯುತ್ತದೆ.

ಮರಳಿಗೆ ಹೇಳಿಮಾಡಿಸಿದ ಉಪಾಯವೆಂದರೆ ಹೂಳುವುದು. ಇಂಗ್ಲಿಷ್ ಬಲ್ಲ ಶಿಬಿರಿಗರು ಡೆಡ್‌ಮ್ಯಾನ್ ಎಂದು ಕರೆಯುವ ಈ ಲಂಗರಿಗೆ ವಿಶೇಷ ಸಾಮಾನು ಏನೂ ಬೇಡ. ಮರಳು ತುಂಬಿದ ಚೀಲ, ಕಡಲು ತಂದುಹಾಕಿದ ಮರದ ತುಂಡು, ತೆಂಗಿನ ಗರಿಯ ದಪ್ಪ ಬುಡ, ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದ ಹಳೆಯ ಲುಂಗಿ, ಯಾವುದಾದರೂ ಆದೀತು. ಗಾಳಿಗೆ ಎದುರು ಬದಿಯ ಹಗ್ಗಗಳಿಗೆ ಮೊಣಕಾಲೆತ್ತರದ, ಅಂದರೆ ಅರ್ಧ ಮೀಟರ್ ಆಳದ ಗುಂಡಿ ತೋಡಿ ಅದನ್ನಿಟ್ಟು ಮುಚ್ಚಬೇಕು. ಒಂದಡಿ ಚೌಕದ ಚೀಲ ಅರ್ಧ ಮೀಟರ್ ಕೆಳಗಿದ್ದರೆ ಅದರ ನೇರ ಮೇಲಿನ ಮರಳೇ ಎಪ್ಪತ್ತು ಕೆ.ಜಿ. ಹತ್ತಿರ ತೂಗುತ್ತದೆ. ಚೀಲ ಏಳಬೇಕಾದರೆ ಅಕ್ಕಪಕ್ಕದ ಮರಳನ್ನೂ ಆಲಿಕೆಯ ಆಕಾರದಲ್ಲಿ ಎತ್ತಿಕೊಂಡೇ ಏಳಬೇಕು. ಹೀಗಾಗಿ ನಿಜವಾದ ಹಿಡಿತ ಇದಕ್ಕಿಂತ ಬಹಳ ಹೆಚ್ಚು. ಆಳ ಅರ್ಧಕ್ಕೆ ಇಳಿದರೆ ಹಿಡಿತ ಅರ್ಧಕ್ಕಿಂತಲೂ ಕೆಳಗೆ ಕುಸಿಯುತ್ತದೆ. ಬೆವರು ಹರಿಸುವುದಿದ್ದರೆ ಆಳಕ್ಕೇ ಹರಿಸಬೇಕು, ಚೀಲದ ಗಾತ್ರಕ್ಕಲ್ಲ.

ಗುಂಡಿ ತೋಡುವುದರಲ್ಲೂ ಒಂದು ಕ್ರಮವಿದೆ. ತೀರದ ಮೇಲ್ಪದರದ ಒಣಮರಳನ್ನು ಮೊದಲು ಅಗಲವಾಗಿ ಬಳಿದು ಬದಿಗೆ ಹಾಕಿದರೆ ಗೇಣು ಕೆಳಗೆ ಸಾಮಾನ್ಯವಾಗಿ ತೇವದ ಮರಳು ಸಿಗುತ್ತದೆ. ಅಲ್ಲಿಂದ ಕೆಳಕ್ಕೆ ಗೋಡೆ ನೆಟ್ಟಗೆ ನಿಲ್ಲುತ್ತದೆ. ಪೂರ್ತಿ ಒಣಗಿದ ಮರುಭೂಮಿಯ ಮರಳಿನಲ್ಲಿ ಅರ್ಧ ಮೀಟರ್ ಆಳ ಹೋಗುವಷ್ಟರಲ್ಲಿ ಬಾಯಿ ಒಂದೂವರೆ ಮೀಟರ್ ಅಗಲವಾಗಿರುತ್ತದೆ. ಗುಂಡಿಯಿಂದ ಗುಡಾರದ ಕಡೆಗೆ ಒಂದು ಓರೆ ಸೀಳು ಕೊರೆದು ಹಗ್ಗವನ್ನು ಅದರಲ್ಲಿ ಹಾಯಿಸಬೇಕು. ಇದನ್ನು ಬಿಟ್ಟು ಹಗ್ಗವನ್ನು ಗುಂಡಿಯಿಂದ ನೇರ ಮೇಲಕ್ಕೆ ತಂದರೆ ಎಳೆತಕ್ಕೆ ಸಿಕ್ಕ ಹಗ್ಗ ರಾತ್ರಿಯಿಡೀ ಮರಳನ್ನು ಕೊರೆಯುತ್ತ ತಾನೇ ಓರೆಯಾಗುತ್ತದೆ, ಅಷ್ಟೂ ಸಡಿಲವಾಗುತ್ತದೆ. ಹಗ್ಗವನ್ನು ಚೀಲಕ್ಕೆ ಗಂಟು ಹಾಕದೆ ಅದರ ಸುತ್ತ ಬಳಸಿ ಎರಡೂ ತುದಿಗಳನ್ನು ಮೇಲೆ ತಂದು ಕಟ್ಟುವುದು ಜಾಣತನ. ಬಿಗಿ ಹೆಚ್ಚುಕಡಿಮೆ ಮಾಡುವ ಗಂಟು ಮರಳಿನ ಮೇಲೆಯೇ ಉಳಿಯುತ್ತದೆ. ಹೊರಡುವಾಗ ಒಂದು ತುದಿ ಬಿಚ್ಚಿ ಎಳೆದರೆ ಹಗ್ಗ ಬರುತ್ತದೆ. ಮರದ ತುಂಡಾದರೆ ಅಲ್ಲೇ ಬಿಟ್ಟುಬರಬಹುದು, ಪ್ಲಾಸ್ಟಿಕ್ ಚೀಲವಾದರೆ ಅಗೆದು ತರಲೇಬೇಕು. ಗುಂಡಿ ಮುಚ್ಚುವಾಗ ಪದರಪದರವಾಗಿ ತುಳಿಯುವುದನ್ನು ಮರೆಯಬಾರದು. ಬೇರೇನೂ ಸಿಗದಾಗ ಗುಡಾರದ ಕಂಬಿ ಗೂಟವನ್ನೇ ನಡುವಿಗೆ ಹಗ್ಗ ಕಟ್ಟಿ ಅಡ್ಡ ಮಲಗಿಸಿ ಹೂಳಬಹುದು. ನೆಟ್ಟಗೆ ನೆಟ್ಟಾಗ ನಿಲ್ಲದ ಗೂಟ ಮಲಗಿಸಿದಾಗ ನಿಲ್ಲುತ್ತದೆ.

ಅಂಗಡಿಯಲ್ಲಿ ಸಿಗುವ ಮರಳುಗೂಟಗಳು ಒಂದಡಿಗೂ ಉದ್ದ, ಮೂರು ನಾಲ್ಕು ಬೆರಳು ಅಗಲ, ಇಂಗ್ಲಿಷಿನ ಯು ಅಥವಾ ವಿ ಅಕ್ಷರದಂತೆ ಬಾಗಿಸಿದ ತಗಡಿನವು. ಗಾಳಿ ಸಾಧಾರಣವಾಗಿದ್ದು ಮರಳು ತೇವವಾಗಿದ್ದರೆ ಇವು ಸಾಕು. ತಿರುಗಿಸಿ ಇಳಿಸುವ ತಿರುಪುಗೂಟಗಳದ್ದು ಇನ್ನೊಂದು ಜಾತಿ. ಇವುಗಳ ಹಿಂದೆ ದೊಡ್ಡ ಇತಿಹಾಸವೇ ಇದೆ. ಐರ್ಲೆಂಡಿನ ಅಲೆಕ್ಸಾಂಡರ್ ಮಿಚೆಲ್ ಎಂಬ ಎಂಜಿನಿಯರ್ ಯೌವನದಲ್ಲೇ ಕಣ್ಣು ಕಳೆದುಕೊಂಡವರು. ತುದಿಯಲ್ಲಿ ಅಗಲ ತಿರುಪು ಇರುವ ಕಬ್ಬಿಣದ ಕಂಬಕ್ಕೆ ಅವರು 1833ರಲ್ಲಿ ಪೇಟೆಂಟ್ ಪಡೆದರು. ಥೇಮ್ಸ್ ನದಿ ಕಡಲು ಸೇರುವಲ್ಲಿನ ಮ್ಯಾಪ್ಲಿನ್ ಮರಳುದಿಬ್ಬದ ಮೇಲೆ 1838ರಲ್ಲಿ ಅಂಥ ಕಂಬಗಳನ್ನು ಇಳಿಸಿ ದೀಪಸ್ತಂಭಕ್ಕೆ ಬುನಾದಿ ಹಾಕಲಾಯಿತು. ಯಾವ ಅಡಿಪಾಯವನ್ನೂ ನಿಲ್ಲಗೊಡದ ಅಲೆಮಾರಿ ಮರಳು ತಿರುಪಿಗೆ ಮಣಿಯಿತು, ಏಕೆಂದರೆ ಅದರ ಅಗಲ ಅಲಗು ಕಂಬದ ಭಾರವನ್ನು ಕೆಳಗಿನ ಮರಳಿಗೆ ಹಂಚುತ್ತಿತ್ತು, ಅಲಗಿನ ಮೇಲೆ ಕುಳಿತ ಮರಳು ಕಂಬ ಮೇಲೇಳದಂತೆ ಹಿಡಿದಿಡುತ್ತಿತ್ತು. ಹಡಗು ಕಟ್ಟುವ ಲಂಗರುಗಳಿಗೂ ಇದೇ ತಿರುಪು ಬಳಕೆಗೆ ಬಂತು. ಇಂದಿನ ಪ್ಲಾಸ್ಟಿಕ್ ತಿರುಪುಗೂಟ ಇದರ ಬಡ ಮೊಮ್ಮಗ. ಅಲಗು ಕಿರಿದಾಗಿ, ಆಳ ಒಂದಡಿಯಷ್ಟೇ ಇದ್ದರೆ ಅಜ್ಜನ ಬಲವನ್ನು ಅದರಿಂದ ನಿರೀಕ್ಷಿಸಬಾರದು.

ಮರಳು ತುಂಬಿದ ಚೀಲವನ್ನು ಹೂಳದೆ ಗುಡಾರದ ಕಾಲಿಗೆ ಕಟ್ಟಿ ಮೇಲೆಯೇ ಇಡುವವರಿದ್ದಾರೆ. ಹತ್ತು ಲೀಟರಿನ ಚೀಲ ಹದಿನೈದು ಕೆ.ಜಿ. ಅಷ್ಟೆ, ಬಿಸಿಲಿಗೆ ನೆರಳು ಮಾಡುವ ಚಪ್ಪರಕ್ಕಾದೀತು, ರಾತ್ರಿ ಮಕ್ಕಳು ಮಲಗುವ ಗುಡಾರಕ್ಕೆ ಸಾಲದು. ಜೀಪು, ಕಾರುಗಳ ಚಕ್ರಕ್ಕೆ ಹಗ್ಗ ಕಟ್ಟುವುದೂ ಉಂಟು. ಲಂಗರಾಗಿ ಅದಕ್ಕಿಂತ ಭದ್ರವಾದದ್ದಿಲ್ಲ. ಬೆಳಿಗ್ಗೆ ಯಾರೋ ನಿದ್ದೆಗಣ್ಣಲ್ಲಿ ಹಾಲು ತರಲು ಗಾಡಿ ಹೊರಡಿಸದಂತೆ ಬೀಗದ ಕೈಯನ್ನು ಗುಡಾರದೊಳಗೆ ಇಟ್ಟುಕೊಳ್ಳಬೇಕು, ಅಷ್ಟೆ.

ಮರಳಿನಲ್ಲಿ ಬಾಳಿದವರ ಗುಡಾರಗಳು ಈ ಪಾಠಗಳನ್ನೆಲ್ಲ ಆಕಾರದಲ್ಲೇ ಅಳವಡಿಸಿಕೊಂಡಿವೆ. ಅರಬ್ ನಾಡುಗಳ ಬೆದುಯಿನರ ಕಪ್ಪು ಗುಡಾರ ಮೇಕೆಯ ಕೂದಲಿನಿಂದ ನೇಯ್ದದ್ದು; ಉದ್ದಕ್ಕೆ ಚಾಚಿಕೊಂಡು ನೆಲಕ್ಕೆ ತಗ್ಗಾಗಿ ನಿಲ್ಲುತ್ತದೆ. ಬೆನ್ನು ಗಾಳಿಗೆ, ಬಾಯಿ ಮರೆಗೆ. ಹಗ್ಗಗಳು ಗುಡಾರದಿಂದ ಬಹುದೂರ ಹರಡಿಕೊಂಡು ನೆಲದೊಂದಿಗೆ ಕಿರಿದಾದ ಕೋನ ಮಾಡುತ್ತವೆ. ಗೂಟ ನಿಲ್ಲದಷ್ಟು ಮೆತ್ತಗಿನ ಮರಳಿನಲ್ಲಿ ಕುರುಚಲು ಗಿಡದ ಹೊರೆಯನ್ನೇ ಹೂತು ಅದಕ್ಕೆ ಹಗ್ಗ ಬಿಗಿಯುವುದು ಮರುಭೂಮಿಯ ಹಳೆಯ ರೂಢಿ. ಇಂದಿನ ಕುಟುಂಬ ಗುಡಾರ ಎಲ್ಲದರಲ್ಲೂ ಇದಕ್ಕೆ ವಿರುದ್ಧ: ಎತ್ತರ, ನೆಟ್ಟಗೋಡೆ, ಗಿಡ್ಡ ಹಗ್ಗ. ಅವುಗಳಲ್ಲಿ ಗುಮ್ಮಟದ ಆಕಾರದ್ದು ವಾಸಿ. ಸುರಂಗದಂತೆ ಉದ್ದನೆಯದು ಎರಡೂ ತುದಿಯ ಗೂಟಗಳ ಎಳೆತದಲ್ಲೇ ನಿಲ್ಲುವುದರಿಂದ ಒಂದು ಲಂಗರು ಕಿತ್ತರೆ ಇಡೀ ಗುಡಾರ ಮಲಗುತ್ತದೆ. ಕೋಣೆಯಂತೆ ನೇರ ಗೋಡೆ ಇರುವ ಎತ್ತರದ ಮಾದರಿ ಮರಳಿಗೆ ಹೇಳಿದ್ದಲ್ಲ.

ಮರಳು ಗಾಳಿಯಲ್ಲಿ ಹೇಗೆ ಸಾಗುತ್ತದೆ ಎಂಬುದನ್ನು ಕ್ರಮಬದ್ಧವಾಗಿ ಅರಿತವರು ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್. ಲಿಬಿಯಾ ಮರುಭೂಮಿಯಲ್ಲಿ ಮೋಟಾರಿನಲ್ಲಿ ಸುತ್ತಿದ ಅವರು ಆಮೇಲೆ ಗಾಳಿಸುರಂಗದಲ್ಲಿ ಪ್ರಯೋಗ ನಡೆಸಿ 1941ರಲ್ಲಿ ಈ ವಿಷಯದ ಮೇಲೆ ಪ್ರಕಟಿಸಿದ ಗ್ರಂಥ ಇಂದಿಗೂ ಆಧಾರವಾಗಿದೆ. ಗುಡಾರ ಹೂಡುವವರಿಗೆ ಅದರಲ್ಲಿ ಎರಡು ಸಂಗತಿ ಮುಖ್ಯ. ಮರಳುದಿಣ್ಣೆಯ ಗಾಳಿ ಬಡಿಯುವ ಓರೆ ಗಟ್ಟಿಯಾಗಿ ಒತ್ತೊತ್ತಾಗಿ ಕೂತಿರುತ್ತದೆ. ಮರೆಯ ಬದಿಯ ಕಡಿದಾದ ಜಾರು ಅತ್ಯಂತ ಸಡಿಲ. ಮರೆ ಸಿಕ್ಕಿತೆಂದು ಅಲ್ಲಿ ಗುಡಾರ ಹೂಡಿದರೆ ಗೂಟವೂ ನಿಲ್ಲದು, ಮೇಲಿನಿಂದ ಮರಳೂ ಸುರಿಯುತ್ತದೆ. ದಿಣ್ಣೆಗಳ ನಡುವಿನ ಗಟ್ಟಿ ತಟ್ಟು ಇವೆರಡಕ್ಕಿಂತ ಲೇಸು. ಎರಡನೆಯದಾಗಿ, ಹಾರುವ ಮರಳಿನ ಬಹುಪಾಲು ನೆಲಕ್ಕೆ ಹತ್ತಿರದಲ್ಲೇ ಕುಪ್ಪಳಿಸುತ್ತ ಸಾಗುತ್ತದೆ. ಅದು ಗುಡಾರದ ಗಾಳಿ ಬದಿಯ ಅಂಚನ್ನು ಕೊರೆದು ಮರೆಯ ಬದಿಯಲ್ಲಿ ಗುಡ್ಡೆ ಹಾಕುತ್ತದೆ. ಸಂಜೆ ಮೊಣಕಾಲುದ್ದ ಹೂತ ಲಂಗರಿನ ಮೇಲೆ ಬೆಳಗಾಗುವಷ್ಟರಲ್ಲಿ ಅಷ್ಟು ಮರಳು ಉಳಿದಿರಲಿಕ್ಕಿಲ್ಲ. ಹಳೆಯ ಸೈನಿಕ ಗುಡಾರಗಳ ಬುಡಕ್ಕೆ ಸುತ್ತ ಒಂದು ಬಟ್ಟೆಯ ಅಂಚು ಹೊಲಿದಿರುತ್ತದೆ. ಅದರ ಮೇಲೆ ಮರಳು ಹೇರಿದರೆ ಗಾಳಿ ಅಡಿಗೆ ನುಗ್ಗದು. ಗಾಳಿ ಬದಿಯ ಬಾಗಿಲು ತೆರೆದಿಟ್ಟರೆ ಅದೇ ಗಾಳಿ ಒಳಗೆ ತುಂಬಿ ಛಾವಣಿಯನ್ನು ಮೇಲೆತ್ತುತ್ತದೆ. ಜಿಪ್ಪಿನ ಹಲ್ಲಿಗೆ ಮರಳು ಸಿಕ್ಕಿ ಬಾಗಿಲು ಮುಚ್ಚಲಾಗದೆ ಹೋಗುವುದು ಇಂಥ ಹೊತ್ತಿನಲ್ಲೇ.

ಕಡಲತೀರದಲ್ಲಿ ಗಾಳಿ ಹಗಲು ಒಂದು ದಿಕ್ಕು, ರಾತ್ರಿ ಇನ್ನೊಂದು. ಬಿಸಿಲಿಗೆ ನೆಲ ಬೇಗ ಕಾಯುವುದರಿಂದ ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿದು ಗಾಳಿ ನೆಲದಿಂದ ಕಡಲಿಗೆ ತಿರುಗುತ್ತದೆ. ಪಡುವಣ ಕರಾವಳಿಯಲ್ಲಿ ಸಂಜೆಯ ಗಾಳಿ ನೋಡಿ ಪಡುವಣಕ್ಕಷ್ಟೇ ಹಗ್ಗ ಬಿಗಿದು ಮಲಗಿದವರು ಮುಂಜಾವದ ಮೂಡುಗಾಳಿಗೆ ಸಿಕ್ಕಿಬೀಳುತ್ತಾರೆ. ಆದ್ದರಿಂದ ನಾಲ್ಕೂ ದಿಕ್ಕಿಗೆ ಲಂಗರು ಬೇಕು. ಹೂಡುವಾಗ ಮಾತ್ರ ಆಗ ಬೀಸುತ್ತಿರುವ ಗಾಳಿಯ ಬದಿಯನ್ನು ಮೊದಲು ಬಿಗಿದು, ಕೋಲು ಎತ್ತುವುದು ಆಮೇಲೆ. ನೀರಿನ ಲೆಕ್ಕವೂ ಇದೆ. ಉಬ್ಬರ ದಿನಕ್ಕೆ ಎರಡು ಸಲ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದು ಹೆಚ್ಚು ಮೇಲೇರುತ್ತದೆ. ಹಿಂದಿನ ಉಬ್ಬರ ಬಿಟ್ಟುಹೋದ ಕಸಕಡ್ಡಿ, ಚಿಪ್ಪುಗಳ ಸಾಲಿಗಿಂತ ಸಾಕಷ್ಟು ಮೇಲೆ ಗುಡಾರ ಇರಬೇಕು. ಗೂಟ ಚೆನ್ನಾಗಿ ಹಿಡಿಯುತ್ತದೆಂದು ನೀರಂಚಿನ ಒದ್ದೆ ಮರಳಿಗೆ ಇಳಿಯುವುದು ಆಶೆಬುರುಕತನ.

ಕುಟುಂಬಸಮೇತ ಮರಳಿನಲ್ಲಿ ಬೀಡುಬಿಡುವುದು ವ್ಯಾಪಕವಾಗಿರುವುದು ಆಸ್ಟ್ರೇಲಿಯ ಮತ್ತು ಕೊಲ್ಲಿ ರಾಷ್ಟ್ರಗಳಲ್ಲಿ. ಕ್ವೀನ್ಸ್‌ಲ್ಯಾಂಡಿನ ಕ್‌ಗಾರಿ ಜಗತ್ತಿನ ಅತಿ ದೊಡ್ಡ ಮರಳು ದ್ವೀಪ, 120 ಕಿ.ಮೀ.ಗೂ ಉದ್ದ, 1992ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು, ಫ್ರೇಸರ್ ದ್ವೀಪ ಎಂಬ ಹೆಸರು 2023ರಲ್ಲಿ ಅಧಿಕೃತವಾಗಿ ಹೋಯಿತು. ಅಲ್ಲಿ ಪರವಾನಗಿ ಪಡೆದು ಕಡಲಂಚಿನ ದಿಣ್ಣೆಗಳ ಹಿಂದೆ ಗುಡಾರ ಹೂಡುತ್ತಾರೆ. ಕುವೈತಿನಲ್ಲಿ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಮರುಭೂಮಿ ಬೀಡಿನ ಋತು. ದುಬೈ, ಅಬುಧಾಬಿಗಳಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೂ ಚಳಿಗಾಲದ ವಾರಾಂತ್ಯದಲ್ಲಿ ಮರಳುದಿಣ್ಣೆಗಳ ನಡುವೆ ರಾತ್ರಿ ಕಳೆಯುವುದು ಹೊಸತಲ್ಲ. ಅಲ್ಲಿ ಎಚ್ಚರ ಬೇಕಾದದ್ದು ಶಮಾಲ್ ಎಂಬ ವಾಯವ್ಯದ ಗಾಳಿಗೆ. ಬೇಸಿಗೆಯಲ್ಲಿ ಅದರ ಆರ್ಭಟ ಹೆಚ್ಚಾದರೂ ಚಳಿಗಾಲದಲ್ಲೂ ಧೂಳೆಬ್ಬಿಸಿ ಬರುತ್ತದೆ.

ಎಷ್ಟೇ ಹೂತರೂ ಒಂದು ಮಿತಿ ಇದೆ. ಗಾಳಿ ಗಂಟೆಗೆ 60 ಕಿ.ಮೀ. ದಾಟಿದರೆ ಲಂಗರು ನಿಂತರೂ ಫೈಬರ್ ಕೋಲು ಮುರಿಯುತ್ತದೆ, ಇಲ್ಲವೇ ಬಟ್ಟೆ ಹರಿಯುತ್ತದೆ. ಆಗ ಕೋಲು ಕಳಚಿ ಗುಡಾರವನ್ನು ನೆಲಕ್ಕೆ ಮಲಗಿಸಿ, ಮೇಲೆ ಮರಳು ಹೇರಿ, ಗಾಡಿಯಲ್ಲಿ ರಾತ್ರಿ ಕಳೆಯುವುದೇ ಸರಿ. ಭಾರತದ ತೀರಗಳಲ್ಲಿ ಇದಕ್ಕೆ ಸುಲಭದ ಅಳತೆಗೋಲು ಉಂಟು: ಮೀನುಗಾರರು ಕಡಲಿಗಿಳಿಯಬಾರದೆಂದು ಹವಾಮಾನ ಇಲಾಖೆ ಸೂಚನೆ ಕೊಟ್ಟ ದಿನ ತೀರದಲ್ಲಿ ಗುಡಾರ ಹೂಡಬಾರದು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ದೊಡ್ಡ ಅಲೆಗಳ ಮುನ್ಸೂಚನೆ ನೀಡುತ್ತದೆ, ಅದನ್ನೂ ನೋಡಬೇಕು.

ಕರ್ನಾಟಕದ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಈ ಮಾತೇ ಬೇಡ. ಮಳೆಗಾಲ ಕಳೆದ ಮೇಲೆ ಗೋಕರ್ಣದಿಂದ ಪಡುಬಿದ್ರಿವರೆಗೆ ಬೀಡುಬಿಡುವ ಆಸೆಯುಳ್ಳವರು ಬಹಳ. ಆದರೆ ಅದೇ ಚಳಿಗಾಲದ ತಿಂಗಳುಗಳಲ್ಲಿ ಹೊನ್ನಾವರದ ಕಾಸರಕೋಡು ಮೊದಲಾದ ತೀರಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅವು ತೋಡುವ ಗೂಡಿನ ಆಳವೂ ಹೆಚ್ಚುಕಡಿಮೆ ಅರ್ಧ ಮೀಟರು, ಲಂಗರಿನ ಗುಂಡಿಯಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಈ ಆಮೆಗಳ ಗೂಡಿಗೆ ಗುದ್ದಲಿ ತಾಗಿದರೆ ಗೊತ್ತಿರಲಿಲ್ಲ ಎಂಬ ಸಬೂಬು ನಡೆಯದು. ಬಿಟ್ಟುಹೋದ ಗುಂಡಿಗೆ ಬಿದ್ದ ಮರಿ ಕಡಲು ಸೇರಲಾರದು. ಹೂಡುವ ಮೊದಲು ಸ್ಥಳೀಯ ಆಡಳಿತದ ಅನುಮತಿ ಪಡೆಯಿರಿ, ಗೂಡುಗಳಿರುವ ಜಾಗವನ್ನು ಅರಣ್ಯ ಇಲಾಖೆಯವರನ್ನೋ ಅಲ್ಲಿನ ಮೀನುಗಾರರನ್ನೋ ಕೇಳಿ ತಿಳಿಯಿರಿ, ಹೊರಡುವಾಗ ತೋಡಿದ ಗುಂಡಿಗಳನ್ನೆಲ್ಲ ಮುಚ್ಚಿ ಬನ್ನಿ.